ಮಂಗಲಾಷ್ಟಕದೊಳಗೊಂದು ಟರ್ರ್

ಮನುಷ್ಯನಿಗೆ ಹೇಳಿಕೊಳ್ಳಲು ಒಂದು ಉದ್ಯೋಗ ಇರಬೇಕು. ಮಾಡಲು ಇಲ್ಲದಿದ್ದರೂ ಹೇಗೋ ನಡೆದೀತು. ಮಾಡಲು ಏನೂ ಇಲ್ಲದೆಯೇ ಜೀವಮಾನವೆಲ್ಲ ಕಚೇರಿಗೆ ಹೋಗಿಬಂದು, ಕೊನೆಗೆ ಹಾರ ಹಾಕಿಸಿಕೊಂಡು ನಿವೃತ್ತರಾದವರನ್ನು ನಾನು ಬಲ್ಲೆ. ಆದರೆ ಯಾರಾದರೂ ಕೇಳಿದಾಗ ತಟ್ಟನೆ ಹೇಳಲು ಒಂದು ಬೇಕೇ ಬೇಕು. ಬೆಳಗಾವಿಯಲ್ಲಿ ಗೋವಾ ಕಡೆಯ ರೈಲು ಹತ್ತಿದಿರಿ ಎನ್ನಿ. ಎದುರಿಗೆ ಕುಳಿತವರು ಚುರುಮುರಿಯ ಪೊಟ್ಟಣವನ್ನು ಮುಂದೆ ಚಾಚಿ, "ತಗೋರಿ. ತಾವು ಏನ್ ಮಾಡ್ತೀರಿ?" ಎಂದು ಕೇಳುತ್ತಾರೆ. ಗುಂಜಿ ಸ್ಟೇಷನ್ ಬರುವುದರೊಳಗೆ ಮುಗಿಯುವಂಥ ಉತ್ತರ ನಿಮ್ಮ ಹತ್ತಿರ ಇರಬೇಕು. ಮಾಸ್ತರು, ವಕೀಲರು, ಕಿರಾಣಿ ಅಂಗಡಿ, ಏನೋ ಒಂದು. ನನ್ನ ಉತ್ತರ ಗೋವಾ ಗಡಿ ದಾಟಿದರೂ ಮುಗಿಯುವುದಿಲ್ಲ. ಅಷ್ಟರಲ್ಲಿ ಚುರುಮುರಿಯೂ ಖಾಲಿಯಾಗಿರುತ್ತದೆ, ಕೇಳಿದವರೂ ಕಿಟಕಿಯ ಕಡೆ ತಿರುಗಿರುತ್ತಾರೆ.

ನಾನು ಹಾಡುಗಾರ. ನನ್ನ ಹಾಡುಗಳನ್ನು ನಾನೇ ಬರೆಯುತ್ತೇನೆ, ನಾನೇ ಧಾಟಿ ಕಟ್ಟುತ್ತೇನೆ, ನಾನೇ ಹಾಡಿ, ನಾನೇ ರೆಕಾರ್ಡ್ ಮಾಡಿ, ನಾನೇ ಇಂಟರ್ನೆಟ್ಟಿಗೆ ಏರಿಸುತ್ತೇನೆ. ಬಹಳಷ್ಟು ಸಲ ನಾನೇ ಕೇಳುತ್ತೇನೆ. ಇಂಥವರಿಗೆ ಈಗ 'ಸ್ವತಂತ್ರ ಕಲಾವಿದ' ಎಂಬ ಗೌರವದ ಹೆಸರಿದೆ. ನನ್ನ ಹೆಂಡತಿ ಸುಜಾತಾ ಪೀರನವಾಡಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳ ಸಂಬಳ ಪ್ರತಿ ತಿಂಗಳು ತಪ್ಪದೆ ಬರುತ್ತಿರುವುದರಿಂದ ನನ್ನ ಸ್ವಾತಂತ್ರ್ಯಕ್ಕೆ ಈವರೆಗೆ ಯಾವ ಧಕ್ಕೆಯೂ ಬಂದಿಲ್ಲ.

ಹಾಡುಗಾರ ಎಂದರೂ ಪ್ರಶ್ನೆ ಮುಗಿಯುವುದಿಲ್ಲ. "ಎಂಥಾ ಹಾಡು?" ಎನ್ನುತ್ತಾರೆ. ನಿಜವಾದ ಕಷ್ಟ ಇರುವುದು ಇಲ್ಲಿಯೇ. ನನ್ನ ಹಾಡು ಭಜನೆಯ ತಾಳದಲ್ಲಿ ಶುರುವಾಗುತ್ತದೆ, ನಡುವೆ ಲಾವಣಿಯ ಗೆಜ್ಜೆ ಕಟ್ಟಿಕೊಳ್ಳುತ್ತದೆ, ಜಾಜ್ ಓಣಿಯಲ್ಲಿ ಸ್ವಲ್ಪ ದಾರಿ ತಪ್ಪುತ್ತದೆ, ಗೋವೆಯ ಕಡೆಯ ತುತ್ತೂರಿ ಊದಿ, ಕವ್ವಾಲಿಯ ಚಪ್ಪಾಳೆ ಹೊಡೆಯುತ್ತ ಮನೆ ಸೇರುತ್ತದೆ. ಒಂದು ಭಜನಾ ಮಂಡಳಿಯವರಿಗೆ ಕೇಳಿಸಿದೆ. ಇದು ಕಾಲೇಜು ಹುಡುಗರ ಹಾಡು ಎಂದರು. ಕಾಲೇಜು ಹುಡುಗರಿಗೆ ಕೇಳಿಸಿದೆ. ಇದು ಭಜನೆ ಎಂದರು. ಶಾಸ್ತ್ರೀಯ ಸಂಗೀತ ಕಲಿಸುವ ಹಿರಿಯರೊಬ್ಬರು ಮಾತ್ರ ಪೂರ್ತಿ ಕೇಳಿದರು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಣ್ಣು ತೆರೆದು, "ಚಹಾ ತಗೋತೀರೇನು?" ಎಂದರು. ಕುಡಿದೆ. ಚಹಾ ಚೆನ್ನಾಗಿತ್ತು.

ಒಮ್ಮೆ ಕ್ಯಾಂಪ್ ಕಡೆಯ ಒಂದು ಹೋಟೆಲಿನಲ್ಲಿ ಸಂಜೆ ಹಾಡಲು ಕರೆದಿದ್ದರು. ನಾನು ಒಂದು ವಿರಹದ ಹಾಡನ್ನು ಅತ್ಯಂತ ಆರ್ತವಾಗಿ ಹಾಡುತ್ತಿದ್ದಾಗ ಮಾಣಿ ವೇದಿಕೆಯ ಹತ್ತಿರ ಬಂದು ಕಿವಿಯಲ್ಲಿ, "ಮೂಲಿ ಟೇಬಲ್ಲಿನ್ಯಾಗ ಬರ್ತ್‌ಡೇ ಐತ್ರಿ, ಇದರಾಗ ಸ್ವಲ್ಪ ಖುಷೀದು ಹಾಕ್ರಿ" ಎಂದ. ಪಲ್ಯಕ್ಕೆ ಉಪ್ಪು ಹಾಕಿ ಎನ್ನುವಷ್ಟೇ ಸಹಜವಾಗಿ ಹೇಳಿದ. ತಮಾಷೆ ಎಂದರೆ ನಾನು ಹಾಕಿದೆ. ಎಲ್ಲ ಬಗೆಯ ಸಂಗೀತವನ್ನೂ ಬೆರೆಸುತ್ತೇನೆ ಎಂದು ಹೇಳಿಕೊಂಡು ತಿರುಗುವವನಿಗೆ ಇಲ್ಲ ಎನ್ನಲು ಬಾಯಿ ಎಲ್ಲಿಂದ ಬರಬೇಕು?

ರೆಕಾರ್ಡಿಂಗ್ ನಡೆಯುವುದು ನಮ್ಮ ಪೀರನವಾಡಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ. ಹೊರಗಿನ ಸದ್ದು ಬಾರದಿರಲಿ ಎಂದು ಕಿಟಕಿ, ಬಾಗಿಲು, ಗೋಡೆಗಳಿಗೆಲ್ಲ ಮನೆಯಲ್ಲಿರುವ ಹೊದೆಯುವ ಕೌದಿಗಳನ್ನು ತೂಗುಹಾಕುತ್ತೇನೆ. ಒಳಗೆ ಫ್ಯಾನು ಹಾಕುವಂತಿಲ್ಲ, ಅದರ ಸದ್ದು ಬರುತ್ತದೆ. ಬೇಸಿಗೆಯಲ್ಲಿ ನಾನು ಹಾಡು ಮುಗಿಸಿ ಹೊರಗೆ ಬಂದರೆ ಹಾಡಿದವನಂತೆ ಕಾಣುವುದಿಲ್ಲ, ಕೆರೆಯಲ್ಲಿ ಬಿದ್ದವನಂತೆ ಕಾಣುತ್ತೇನೆ. ಕೆಳಗಿನ ಮನೆಯ ಮಾಲಕಿ ಅಕ್ಕಾ ಬಹಳ ಒಳ್ಳೆಯವರು. ಮೊದಮೊದಲು ನಾನು ಆಲಾಪ ತೆಗೆದಾಗಲೆಲ್ಲ ಮೆಟ್ಟಿಲ ಹತ್ತಿರ ಬಂದು, "ಸುಜಾತಾ, ಯಾರಿಗರ ಆರಾಮಿಲ್ಲೇನವಾ?" ಎಂದು ವಿಚಾರಿಸುತ್ತಿದ್ದರು. ಈಗ ರೂಢಿಯಾಗಿದೆ. ಆರಾಮಿಲ್ಲದಿರುವುದು ಯಾರಿಗೆ ಎಂದು ಅವರಿಗೆ ಗೊತ್ತಾಗಿದೆ.

ಹಿಂದೆ ನನಗೂ ಒಂದು ಚಿಕ್ಕ ಉತ್ತರವಿತ್ತು. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಮಾಲನ್ನು ಪರೀಕ್ಷೆ ಮಾಡುತ್ತಿದ್ದೆ. ಒಂದೊಂದೇ ಪೀಸನ್ನು ಸಣ್ಣ ಸುತ್ತಿಗೆಯಿಂದ ಬಡಿದು ಅದರ ನಾದ ಕೇಳಬೇಕು. ನಾದ ಒಡೆದಿದ್ದರೆ ಒಳಗೆ ಬಿರುಕು ಇದೆ ಎಂದರ್ಥ. ನನ್ನಂಥವನಿಗೆ ಈ ಕೆಲಸ ಕೊಡಬಾರದಿತ್ತು. ಒಳ್ಳೆಯ ಸ್ವರ ಕೊಡುವ ಪೀಸುಗಳನ್ನು ನಾನು ಒಂದು ಬದಿಗೆ ಎತ್ತಿಡತೊಡಗಿದೆ. ಸ್ವಲ್ಪ ದಿನದಲ್ಲಿ ನನ್ನ ಮೇಜಿನ ಮೇಲೆ ಒಂದು ಸಪ್ತಕ ಪೂರ್ತಿಯಾಯಿತು, ಪಂಪಿನ ಬಿಡಿಭಾಗಗಳದು. ಊಟದ ಬಿಡುವಿನಲ್ಲಿ ಬಾರಿಸುತ್ತಿದ್ದೆ. ಸೂಪರ್‌ವೈಸರರು ಕರೆದು, "ಪದ್ಮರಾಜ, ನೀವು ಮಾಲು ಚೆಕ್ ಮಾಡಾಕತ್ತೀರೋ, ಬಾರಸಾಕತ್ತೀರೋ, ಒಂದು ಏನರ ಮಾಡ್ರಿ" ಎಂದರು. ಒಂದನ್ನು ಮಾಡಿದೆ. ಅಂದಿನಿಂದ ಸ್ವತಂತ್ರ.

ಇನ್ನು ನನ್ನ ಮಾವ ಜಿನ್ನಪ್ಪನವರ ವಿಷಯ. ಖಾನಾಪುರದ ಪೇಟೆಯಲ್ಲಿ ಅವರದೊಂದು ಭಾಂಡೆ ಅಂಗಡಿ ಇದೆ. ಸ್ಟೀಲು, ಹಿತ್ತಾಳೆ, ತಾಮ್ರ, ಎಲ್ಲ ಬಗೆಯ ಪಾತ್ರೆಗಳು. ಖಾನಾಪುರ ತಾಲೂಕಿನ ಯಾವ ಮನೆಯ ಅಡುಗೆಮನೆಗೆ ಹೋದರೂ ಮಾವನ ಅಂಗಡಿಯ ಒಂದಾದರೂ ತಾಟು ಇರುತ್ತದೆ, ಅದರ ಅಂಚಿನ ಮೇಲೆ ಮಾವನ ಕೈಬರಹವೂ ಇರುತ್ತದೆ. ಪಾತ್ರೆ ಕೊಂಡವರು ಹೆಸರು ಹಾಕಿಸಿಕೊಂಡೇ ಹೋಗುವುದು ನಮ್ಮ ಕಡೆಯ ಪದ್ಧತಿ. ಪೆನ್ನಿನಂತೆ ಕೈಯಲ್ಲಿ ಹಿಡಿಯುವ ಒಂದು ಸಣ್ಣ ಕರೆಂಟ್ ಮಶೀನಿದೆ. ಅದನ್ನು ಪಾತ್ರೆಗೆ ಮುಟ್ಟಿಸಿದರೆ ಟರ್ರ್ ಎಂದು ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡುತ್ತದೆ. "ಕನ್ನಡದಾಗೋ, ಮರಾಠಿಯೊಳಗೋ?" ಎಂದು ಕೇಳಿ ಮಾವ ಶುರುಮಾಡುತ್ತಾರೆ. ಆ ಪ್ರಶ್ನೆಗೆ ನಮ್ಮ ಕಡೆ ಬೇರೆ ಜಾಗಗಳಲ್ಲಿ ಜನ ಸಭೆ ಸೇರಿಸುತ್ತಾರೆ, ಬಸ್ಸು ನಿಲ್ಲಿಸುತ್ತಾರೆ. ಮಾವನ ಅಂಗಡಿಯಲ್ಲಿ ಮಾತ್ರ ಅದು ಟರ್ರ್ ಎಂದು ಮುಗಿದುಹೋಗುತ್ತದೆ.

ಎಲ್ಲದಕ್ಕೂ ಒಂದು ಜಾಗ, ಒಂದು ಹೆಸರು ಇರಬೇಕು ಎನ್ನುವ ಮನುಷ್ಯ ಅವರು. ನಾನು ಕೆಲಸ ಬಿಟ್ಟ ಸುದ್ದಿ ತಿಳಿದ ದಿನ ನನ್ನನ್ನು ಅಂಗಡಿಯಲ್ಲಿ ಕುಳ್ಳಿರಿಸಿಕೊಂಡು ಕೇಳಿದರು.

"ಅಳಿಯಾರ, ಸಿಟ್ಟಾಗಬ್ಯಾಡ್ರಿ. ನಮ್ಮ ಅಂಗಡ್ಯಾಗ ತಂಬಿಗಿ ಅಂದ್ರ ತಂಬಿಗಿ, ಪಾತೇಲಿ ಅಂದ್ರ ಪಾತೇಲಿ. ಗಿರಾಕಿ ಬಾಯಿ ತಗದ್ರ ನನ್ನ ಕೈ ಸೀದಾ ಆ ಫಳಿಗೆ ಹೋಗ್ತೈತಿ. ನಿಮ್ಮ ಹಾಡು ಯಾವ ಫಳಿ ಮ್ಯಾಲ ಇಡೂದ್ರಿ?"

"ಎಲ್ಲಾ ಫಳಿ ಮ್ಯಾಲೂ ಸ್ವಲ್ಪ ಸ್ವಲ್ಪ ಇಡಬಹುದ್ರಿ ಮಾವಾರ."

"ಹಂಗ ಇಟ್ಟ ಮಾಲು ಹೋಗೂದಿಲ್ರಿ" ಎಂದು ಹೇಳಿ ಚಹಾ ತರಿಸಿದರು. ನನ್ನ ಸಂಗೀತ ಎಲ್ಲಿ ಹೋದರೂ ಕೊನೆಗೆ ಚಹಾದಲ್ಲಿಯೇ ಮುಗಿಯುತ್ತದೆ.

ಅಲ್ಲಿಂದ ಮುಂದೆ ಅವರು ಈ ಮಾತು ಎತ್ತಲಿಲ್ಲ. ಆದರೆ ಅಂಗಡಿಗೆ ಯಾರೇ ಬರಲಿ, ನನ್ನನ್ನು ತೋರಿಸಿ, "ಇವರು ನಮ್ಮ ದೊಡ್ಡ ಅಳಿಯಾರ. ಉದ್ಯಮಬಾಗದಾಗ ಫೌಂಡ್ರಿಯೊಳಗ ಅದಾರ" ಎನ್ನುವುದನ್ನು ಮುಂದುವರಿಸಿದರು. ನಾನು ಫೌಂಡ್ರಿ ಬಿಟ್ಟರೂ ಮಾವ ಬಿಡಲಿಲ್ಲ. ಒಮ್ಮೆ ತಡೆಯಲಾರದೆ, "ಮಾವಾರ, ನಾ ಬಿಟ್ಟು ಬಹಳ ದಿವಸ ಆತಲ್ರಿ" ಎಂದೆ. "ಗೊತ್ತೈತ್ರಿ. ಮಂದೀಗೆ ಯಾಕ ಸುಮ್ನ ಕಾಳಜಿ ಹಚ್ಚೂದು?" ಎಂದರು. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಇದ್ದಿದ್ದರೆ ಜಗಳವಾಡಬಹುದಿತ್ತು. ಮನೆಯಲ್ಲಿ ಯಾರಿಗಾದರೂ ಗುಣವಾಗದ ಕಾಯಿಲೆ ಇದ್ದರೆ ಹೊರಗಿನವರೆದುರು ಹೇಗೆ ಮುಚ್ಚಿಕೊಂಡು ಮಾತಾಡುತ್ತೇವೋ ಹಾಗೆ ಮಾತಾಡುತ್ತಿದ್ದರು. ಈಗ ನಗುತ್ತ ಬರೆಯುತ್ತಿದ್ದೇನೆ, ಆಗ ನನಗೆ ಬಹಳ ನೋವಾಗುತ್ತಿತ್ತು. ಪ್ರಶಸ್ತಿ ಬೇಡ, ಪತ್ರಿಕೆಯಲ್ಲಿ ಫೋಟೋ ಬೇಡ. ಮಾವ ಒಂದೇ ಒಂದು ಸಲ, ನಾಲ್ಕು ಜನರೆದುರು, 'ಇವರು ಹಾಡವರು' ಎಂದರೆ ಸಾಕು ಅನಿಸುತ್ತಿತ್ತು. ಸುಜಾತಾಳ ಹತ್ತಿರ ಹೇಳಿಕೊಂಡರೆ, "ಅಪ್ಪಾಜಿ ಹಂಗ ಅಂದ ದಿವಸ ನಾ ನಿಮಗ ಹೋಳಿಗಿ ಮಾಡಿ ಹಾಕ್ತೇನಿ" ಎಂದು ಉತ್ತರಪತ್ರಿಕೆಗಳನ್ನು ತಿದ್ದಲು ಕೂರುತ್ತಿದ್ದಳು. ಹೋಳಿಗೆ ಮಾಡಲು ಅವಳಿಗೆ ಬಹಳ ಬೇಸರ. ಆ ಕೆಲಸ ತನ್ನ ಪಾಲಿಗೆ ಬರುವುದಿಲ್ಲವೆಂಬ ಧೈರ್ಯದಲ್ಲಿಯೇ ಹೇಳಿರಬೇಕು.

ಹೀಗಿರುವಾಗ ನನ್ನ ನಾದಿನಿ ತ್ರಿಶಲಾಳ ಮದುವೆ ನಿಶ್ಚಯವಾಯಿತು. ಅವಳು ಮಾವನ ಕಿರಿಯ ಮಗಳು, ನನ್ನ ಹಾಡುಗಳನ್ನು ಹಣೆ ಗಂಟಿಕ್ಕದೆ ಕೇಳುವ ಏಕೈಕ ಸಂಬಂಧಿಕಳು. ಒಂದು ದಿನ ಫೋನು ಮಾಡಿ, "ಮಾಮಾ, ನನ್ನ ಮದಿವ್ಯಾಗ ಕಡೀ ಮಂಗಲಾಷ್ಟಕ ನೀವೇ ಹಾಡಬೇಕು. ಅದೂ ನಿಮ್ಮ ಸ್ವಂತದ್ದು. ಅಪ್ಪಾಜಿಗೆ ನಾ ಹೇಳೇನಿ" ಎಂದಳು.

ನಮ್ಮ ಕಡೆಯ ಜೈನರ ಮದುವೆಗಳನ್ನು ನೋಡದವರಿಗೆ ಇದರ ಗಾಂಭೀರ್ಯ ಸ್ವಲ್ಪ ಬಿಡಿಸಿ ಹೇಳಬೇಕು. ವಧುವರರ ನಡುವೆ ಅಂತರಪಟದ ಪರದೆ ಹಿಡಿದಿರುತ್ತಾರೆ. ಪಂಡಿತರು ಮಂಗಲಾಷ್ಟಕ ಹೇಳುತ್ತಾರೆ. ಅವರದಾದ ಮೇಲೆ ಎರಡೂ ಕಡೆಯ ಅತ್ತೆಯರು, ಚಿಕ್ಕಮ್ಮಂದಿರು ವಧುವರರ ಹೆಸರು ಸೇರಿಸಿ ತಾವೇ ಕಟ್ಟಿದ ಪದ್ಯಗಳನ್ನು ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ, ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ. ಪ್ರತಿ ಪದ್ಯದ ಕೊನೆಗೆ 'ಸಾವಧಾನ' ಎಂದೊಡನೆ ಜನ ಅಕ್ಷತೆ ಎಸೆಯುತ್ತಾರೆ. ಕಟ್ಟಕಡೆಯ ಪದ್ಯ ಸರಿಯಾಗಿ ಮುಹೂರ್ತಕ್ಕೆ ಮುಗಿಯಬೇಕು. ಆ ಕ್ಷಣಕ್ಕೆ ಪರದೆ ಇಳಿಯಬೇಕು, ಹಾರ ಬೀಳಬೇಕು, ಬ್ಯಾಂಡಿನವರು ಬಾರಿಸಬೇಕು. ಅದರ ಹಿಂದೆಯೇ ಊಟ. ಸಭಾಗೃಹದಲ್ಲಿರುವ ಅರ್ಧಕ್ಕಿಂತ ಹೆಚ್ಚು ಜನ ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಕಿವಿಯನ್ನು ಮಾತ್ರ ಮಂಗಲಾಷ್ಟಕಕ್ಕೆ ಕೊಟ್ಟು, ಕಣ್ಣನ್ನು ಊಟದ ಹಾಲಿನ ಬಾಗಿಲ ಮೇಲೆ ಇಟ್ಟಿರುತ್ತಾರೆ. ಮೊದಲ ಪಂಕ್ತಿ ತಪ್ಪಿದರೆ ಎರಡನೆಯದರವರೆಗೆ ಜಿಲೇಬಿಯ ಬಿಸಿ ಇರುವುದಿಲ್ಲ.

ಅಂಥ ಜನರಿಗೆ ನಾನು ಕಡೆಯ ಮಂಗಲಾಷ್ಟಕ ಹಾಡಬೇಕು. ಮಾವ ಒಪ್ಪಿದರು, ಒಂದೇ ಷರತ್ತಿನ ಮೇಲೆ: "ಸಣ್ಣದು ಇರಲ್ರಿ."

ಹಾಡಿಗೆ ಏನು ತಾಳ ಹಾಕುವುದು ಎಂದು ಬಹಳ ತಲೆ ಕೆಡಿಸಿಕೊಂಡೆ. ತಬಲಾ ಎಲ್ಲರೂ ಹಾಕುತ್ತಾರೆ. ಮದುವೆಗೆ ಸ್ವಲ್ಪ ದಿನ ಮುಂಚೆ ಯಾವುದೋ ಸಾಮಾನು ತರಲು ಖಾನಾಪುರಕ್ಕೆ ಹೋದವನು ಅಂಗಡಿಯ ಹಿಂದುಗಡೆಯಿಂದ ಒಳಗೆ ಬಂದೆ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಾವ ಮಗಳಿಗೆ ಕೊಡುವ ಪಾತ್ರೆಗಳನ್ನೆಲ್ಲ ಸುತ್ತ ಹರಡಿಕೊಂಡು ಹೆಸರು ಹಾಕುತ್ತ ಕುಳಿತಿದ್ದರು. ಊರಿನ ಎಷ್ಟೋ ಹೆಣ್ಣುಮಕ್ಕಳ ಪಾತ್ರೆಗಳಿಗೆ ಕಣ್ಣು ಮುಚ್ಚಿ ಹೆಸರು ಹಾಕಿಕೊಟ್ಟ ಮನುಷ್ಯ, ಅಂದು ಮಾತ್ರ ಒಂದು ಅಕ್ಷರ ಹಾಕುವುದು, ನಿಲ್ಲಿಸುವುದು, ಕನ್ನಡಕ ಒರೆಸುವುದು, ಮತ್ತೆ ಒಂದು ಅಕ್ಷರ. ಟರ್ರ್, ಸುಮ್ಮನೆ. ಟರ್ರ್ ಟರ್ರ್, ಸುಮ್ಮನೆ. ಗಂಡನ ಮನೆಯ ಅಡ್ಡಹೆಸರು ಸೇರಿಸುವುದು ವಾಡಿಕೆ. ಅವರು ಬರೀ 'ತ್ರಿಶಲಾ' ಎಂದು ಹಾಕಿ ಪಾತ್ರೆಯನ್ನು ಪಕ್ಕಕ್ಕೆ ಇಡುತ್ತಿದ್ದರು. ಮಾತಾಡಿಸಬೇಕಿತ್ತು, ಪಕ್ಕದಲ್ಲಿ ಕುಳಿತು ಒಂದು ತಂಬಿಗೆಯನ್ನಾದರೂ ಹಿಡಿದುಕೊಡಬೇಕಿತ್ತು. ನಾನೇನು ಮಾಡಿದೆ? ಕಿಸೆಯಿಂದ ಫೋನು ತೆಗೆದು, ಹಂಡೆಯ ಮರೆಯಲ್ಲಿ ನಿಂತು ರೆಕಾರ್ಡ್ ಮಾಡಿಕೊಂಡೆ. ಕಲಾವಿದರನ್ನು ಮನೆಗೆ ಸೇರಿಸುವ ಮುಂಚೆ ಜನ ಯೋಚಿಸುವುದು ಇದಕ್ಕೇ ಇರಬೇಕು.

ಪೀರನವಾಡಿಗೆ ಬಂದು, ಕೌದಿಗಳ ನಡುವೆ ಕುಳಿತು, ಆ ಟರ್ರ್ ಸದ್ದಿನ ಮೇಲೆಯೇ ಹಾಡು ಕಟ್ಟಿದೆ. ಜೋಗುಳದಂತೆ ಶುರು. ಪಾತ್ರೆಗಳ ನಡುವೆ ಕುಳಿತು ಅಭ್ಯಾಸ ಮಾಡಿದ ಹುಡುಗಿ, ತಾಟಿನಲ್ಲಿ ಮುಖ ನೋಡಿಕೊಂಡು ಜಡೆ ಹಾಕಿಕೊಂಡ ಹುಡುಗಿ, ಎಂದೆಲ್ಲ ಬರೆದೆ. ಆಮೇಲೆ ಮಶೀನಿನ ತಾಳ ಸೇರುತ್ತದೆ, ಸ್ವಲ್ಪ ಜಾಜ್, ಸ್ವಲ್ಪ ಲಾವಣಿ, ಕೊನೆಗೆ ಎಲ್ಲವೂ ಒಂದೇ ಉಸಿರಿನಲ್ಲಿ ಸೇರಿ 'ಸಾವಧಾನ'. ಸುಜಾತಾ ಕೇಳಿ, ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ಆಮೇಲೆ ಮತ್ತೆ ಗಣಿತದ ಶಿಕ್ಷಕಿಯಾಗಿ, "ಛಲೋ ಐತಿ. ಆದ್ರ ಅಪ್ಪಾಜಿ 'ಸಣ್ಣದು' ಅಂದಿದ್ರು" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ಮಾವ ಎದ್ದು ನಿಂತು, ಬೀಗರ ಎದುರು, 'ಇವರು ಹಾಡವರು' ಎನ್ನುತ್ತಿದ್ದರು.

ಮದುವೆಯ ದಿನ ಖಾನಾಪುರದ ಸಭಾಗೃಹ ತುಂಬಿ ತುಳುಕುತ್ತಿತ್ತು. ಮೈಕ್ ಸೆಟ್ಟು ಗುಂಜಿಯ ತುಕಾರಾಮನದು. ನಾನು ಬೆಳಿಗ್ಗೆಯೇ ಅವನನ್ನು ಹಿಡಿದು, ನನ್ನ ಫೋನಿಗೂ ಅವನ ಡಬ್ಬಿಗೂ ಒಂದು ವೈರು ಜೋಡಿಸಿ, "ಕಡೀ ಮಂಗಲಾಷ್ಟಕಕ್ಕ ಇದರಾಗಿಂದ ಮ್ಯೂಸಿಕ್ ಬರ್ತೈತಿ" ಎಂದೆ. "ಬರಲಿ, ಬರಲಿ, ಕಾಯ್ ಹರಕತ್ ನಾಹೀ" ಎಂದು ಅವನು ಮರಾಠಿಯಲ್ಲಿ ಅಡ್ಡಿಯಿಲ್ಲವೆಂದ. ಎಂಥ ಮ್ಯೂಸಿಕ್ ಎಂದು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಒಬ್ಬರು 'ಎಂಥಾದ್ದು' ಎಂದು ಕೇಳದೆ ಇದ್ದದ್ದಕ್ಕೆ ನಾನು ಸಂತೋಷಪಟ್ಟೆ.

ಪಂಡಿತರು ತಮ್ಮ ಪದ್ಯಗಳನ್ನು ಮುಗಿಸಿದರು. ಅಕ್ಷತೆ ಬಿತ್ತು. ಅತ್ತೆಯರ ಸರದಿ ಬಂತು. ಗಂಡಿನ ಕಡೆಯ ಒಬ್ಬ ಚಿಕ್ಕಮ್ಮ ಮೈಕು ಹಿಡಿದವರು ಬಿಡಲೊಲ್ಲದೆ ಮರಾಠಿಯಲ್ಲಿ ಇಡೀ ವಂಶಾವಳಿಯನ್ನೇ ಹಾಡಿದರು. ಹಿಂದಿನ ಸಾಲಿನವರಿಗೆ ಮುಷ್ಟಿಯಲ್ಲಿದ್ದ ಅಕ್ಷತೆ ಬೆವರಿಗೆ ಅಂಟಿಕೊಂಡಿತು. ಆಮೇಲೆ ಪಂಡಿತರು ಕೈಗಡಿಯಾರ ನೋಡಿ ನನ್ನ ಕಡೆ ತಲೆಯಾಡಿಸಿದರು. ಮುಹೂರ್ತಕ್ಕೆ ಇನ್ನೂ ಸಾಕಷ್ಟು ವೇಳೆ ಇತ್ತು. ನನ್ನ ಹಾಡಿಗೆ ಅಷ್ಟೂ ಬೇಕಿತ್ತು.

ವೇದಿಕೆಯ ಬದಿಯಲ್ಲಿ, ಹೂವಿನ ಕಮಾನಿನ ಹಿಂದೆ ನಾನು ನಿಂತಿದ್ದೆ. ಜೋಗುಳ ಚೆನ್ನಾಗಿ ಬಂತು. ಮುಂದಿನ ಸಾಲಿನ ಹೆಂಗಸರು ತಲೆದೂಗಿದ್ದನ್ನು ನಾನು ಕಣ್ಣಾರೆ ಕಂಡೆ. ಧೈರ್ಯ ಬಂತು. ಫೋನಿನ ಗುಂಡಿ ಒತ್ತಿದೆ. ಗೋಡೆಗೆ ತೂಗುಹಾಕಿದ್ದ ದೊಡ್ಡ ದೊಡ್ಡ ಸ್ಪೀಕರುಗಳಿಂದ ಮಾವನ ಮಶೀನು ಹೊರಬಿತ್ತು.

ಟರ್ರ್. ಟರ್ರ್ ಟರ್ರ್.

ಕೌದಿಗಳ ನಡುವೆ ಅದು ಮಧುರವಾಗಿತ್ತು. ಖಾನಾಪುರದ ಸಭಾಗೃಹದಲ್ಲಿ ಅದು ಟ್ರಾನ್ಸ್‌ಫಾರ್ಮರ್ ಸುಡುವ ಸದ್ದಿನಂತಿತ್ತು. ಹೆಂಗಸರು ಕಿವಿ ಮುಚ್ಚಿಕೊಂಡರು. ತುಕಾರಾಮ ತಾಟಿನಲ್ಲಿದ್ದ ಅವಲಕ್ಕಿಯನ್ನು ಬಿಟ್ಟು ಹಾರಿ ಎದ್ದ. ಸಾವಿರ ಮದುವೆಗೆ ಮೈಕು ಕಟ್ಟಿದ ಮನುಷ್ಯನಿಗೆ ಆ ಸದ್ದಿನ ಅರ್ಥ ಒಂದೇ: ಸ್ಪೀಕರು ಹರಿಯಿತು, ಇನ್ನು ಬೆಂಕಿ ಹತ್ತುತ್ತದೆ. ಒಂದೇ ಏಟಿಗೆ ಮುಖ್ಯ ವೈರನ್ನು ಕಿತ್ತ. ಮಶೀನೂ ಬಂದ್, ಮೈಕೂ ಬಂದ್, ನಾನೂ ಬಂದ್. ನಾನು ಹಾಡುವುದನ್ನು ನಿಲ್ಲಿಸಿರಲಿಲ್ಲ, ಕಣ್ಣು ಮುಚ್ಚಿಕೊಂಡು ಜಾಜ್‌ನಲ್ಲಿದ್ದೆ. ಆದರೆ ಆ ಗದ್ದಲದಲ್ಲಿ ಕಮಾನಿನ ಹೂವಿಗೂ ಅದು ಕೇಳಿಸಿರಲಾರದು.

ಸಭಾಗೃಹದ ಸ್ಪೀಕರುಗಳೆಲ್ಲ ಒಮ್ಮೆಲೇ ನಿಶ್ಶಬ್ದವಾದವು. ಮಂಗಲಾಷ್ಟಕದ ನಡುವೆ ಸ್ಪೀಕರು ನಿಶ್ಶಬ್ದ ಎಂದರೆ ನಮ್ಮ ಜನಕ್ಕೆ ಒಂದೇ ತಿಳಿಯುವುದು: ಕಡೆಯ ಪದ್ಯ ಮುಗಿಯಿತು. ಹಿಂದಿನಿಂದ ಯಾರೋ ಒಬ್ಬರು ಅಕ್ಷತೆ ಎಸೆದರು. ಅದನ್ನು ನೋಡಿ ಅವರ ಸಾಲು, ಸಾಲನ್ನು ನೋಡಿ ಸಭೆ. ಮೇಲಿನಿಂದ ಅಕ್ಕಿ ಸುರಿಯುವುದನ್ನು ಕಂಡು ಅಂತರಪಟ ಹಿಡಿದಿದ್ದ ಸೋದರಮಾವಂದಿರು, ಕೈ ಸೋತು ಕಾಯುತ್ತಿದ್ದರೋ ಏನೋ, ತಟಕ್ಕನೆ ಕೈಬಿಟ್ಟರು. ಎದುರಿಗೆ ಗಾಬರಿಯಾಗಿ ನಿಂತಿದ್ದ ವರ, ಇನ್ನು ಏನು ಮಾಡುವುದು ತಿಳಿಯದೆ, ಹಾರ ಹಾಕಿಬಿಟ್ಟ. ಹೊರಗೆ ಬ್ಯಾಂಡಿನವರು ಬಾರಿಸಿದರು. ಬ್ಯಾಂಡು ಕೇಳಿದೊಡನೆ ಊಟದ ಹಾಲಿನ ಬಾಗಿಲು ತೆರೆಯಿತು. ನಾನು ಲಾವಣಿ ಮುಗಿಸಿ, ಕೈಯೆತ್ತಿ 'ಸಾವಧಾನ' ಎಂದು ಕಣ್ಣು ತೆರೆದಾಗ ಎದುರಿಗೆ ಖಾಲಿ ಕುರ್ಚಿಗಳಿದ್ದವು, ನೆಲದ ತುಂಬ ಅಕ್ಕಿ ಇತ್ತು. ದೂರದಿಂದ ಜಿಲೇಬಿಯ ವಾಸನೆ ಬರುತ್ತಿತ್ತು.

ನಮ್ಮ ಕಡೆ ಮುಹೂರ್ತ ತಪ್ಪಿ ತಡವಾಗುವುದು ಹೊಸದಲ್ಲ. ಶಾಸಕರು ಬಂದಿಲ್ಲ, ವರನ ಶೂ ಸಿಕ್ಕಿಲ್ಲ, ನೂರು ಕಾರಣ ಇರುತ್ತವೆ. ಆದರೆ ಮದುವೆಯೊಂದು ಮುಹೂರ್ತಕ್ಕಿಂತ ಮುಂಚೆಯೇ ಆಗಿಹೋದದ್ದನ್ನು ಯಾರೂ ಕಂಡಿರಲಿಲ್ಲ. ಗಂಡಿನ ಕಡೆಯ ಹಿರಿಯರು ಪಂಡಿತರನ್ನು ಸುತ್ತಿಕೊಂಡರು. ಪಂಡಿತರು ಶಾಂತವಾಗಿ ಕೈಗಡಿಯಾರ ನೋಡಿದರು, ಮುಳ್ಳು ತಿರುಗಿಸಿದರು, "ನನ್ನ ಗಡಿಯಾರದಾಗ ಬರೋಬ್ಬರಿ ಐತ್ರಿ. ಉಳದವ್ರು ನಿಮ್ಮ ನಿಮ್ಮವು ರಿಪೇರಿ ಮಾಡಿಸ್ಕೋರಿ" ಎಂದು ಊಟಕ್ಕೆ ನಡೆದರು. ಅಂಥ ಸಮಾಧಾನ ನನಗೆ ಯಾವ ಜನ್ಮದಲ್ಲಿ ಬರುತ್ತದೋ.

ವಧುವಿನ ಮುಖ ನೋಡಲು ಧೈರ್ಯವಿರಲಿಲ್ಲ. ಆದರೂ ವೇದಿಕೆಯ ಬದಿಯಿಂದ ಇಣುಕಿದೆ. ತ್ರಿಶಲಾ ಹಾರದ ಹಿಂದೆ ಮುಖ ಮುಚ್ಚಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. "ಮಾಮಾ, ಅರ್ಧಾ ಹಾಡು ಉಳದೈತ್ರಿ. ತವರಮನಿಗೆ ಬಂದಾಗ ಕೇಳ್ತೇನಿ" ಎಂದಳು. ಅಲ್ಲಿಯ ತನಕ ನಾನು ತವರಿನ ಅಳಿಯನಾಗಿ ಉಳಿದಿರುತ್ತೇನೆ ಎಂಬ ನಂಬಿಕೆ ಅವಳಿಗಿತ್ತು, ನನಗಿರಲಿಲ್ಲ.

ಮಾವ ಎಲ್ಲಿಯೂ ಕಾಣಲಿಲ್ಲ. ನಾನು ತಪ್ಪಿಸಿಕೊಂಡು ಹೋಗಿ ಕೈತೊಳೆಯುವ ಜಾಗದ ಹತ್ತಿರ, ನೀರಿನ ಡ್ರಮ್ಮುಗಳ ಸಂದಿಯಲ್ಲಿ ನಿಂತೆ. ಅಲ್ಲಿಗೇ ಬಂದರು ವರನ ದೊಡ್ಡ ಕಾಕಾ. ತಲೆಗೆ ಕೇಸರಿ ಪೇಟಾ, ಮೀಸೆಯ ಮೇಲೆ ಜಿಲೇಬಿಯ ಜೊತೆ ಕುಡಿದ ಮಠ್ಠಾ ಮಜ್ಜಿಗೆ. ಕೈ ತೊಳೆಯುತ್ತ ನನ್ನನ್ನು ನೋಡಿದರು. ನಾನು ಕಮಾನಿನ ಹಿಂದೆ ಇದ್ದದ್ದರಿಂದ ಅವರಿಗೆ ನನ್ನ ಮುಖ ಗೊತ್ತಿರಲಿಲ್ಲ.

"ಏನ್ರೀ, ಮುಹೂರ್ತ ಕೆಡಿಸಿದ ಆ ಹಾಡವ ಯಾಂವ್ರಿ? ಕೈಗೆ ಸಿಗಲಿ ಆಂವ."

"ನೋಡಿಲ್ರಿ ನಾ" ಎಂದೆ.

"ನೀವು ಹುಡಿಗೀ ಕಡಿಯವ್ರ? ಏನ್ ಮಾಡ್ತೀರಿ?"

ಇಷ್ಟು ವರ್ಷ ಕಾದ ಪ್ರಶ್ನೆ. ಎದೆಯುಬ್ಬಿಸಿ 'ಹಾಡುಗಾರ' ಎನ್ನಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬರಲಾರದು. ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ಈಗಲೂ ಆಶ್ಚರ್ಯವಾಗುತ್ತದೆ.

"ಫೌಂಡ್ರಿಯೊಳಗ ಅದೇನ್ರಿ. ಉದ್ಯಮಬಾಗ."

"ಅದು ಛಲೋ ನೋಡ್ರಿ. ಮನಶಾ ಅಂದ್ರ ಒಂದು ಕೆಲಸಾ ಹಿಡದು ಇರಬೇಕು."

"ಹೌದ್ರಿ" ಎಂದೆ ನಾನು, ಮನಃಪೂರ್ವಕ.

"ಅವರು ಫೌಂಡ್ರಿ ಬಿಟ್ಟು ಬಹಳ ದಿವಸ ಆತ್ರಿ ಬೀಗರ" ಎಂಬ ದನಿ ಹಿಂದಿನಿಂದ ಬಂತು. ತಿರುಗಿ ನೋಡಿದರೆ ಮಾವ. ಕೈಯಲ್ಲಿ ಕಾಕಾನಿಗೆಂದು ತಂದ ವೀಳ್ಯದ ತಾಟು. ಸುತ್ತ ಬೀಗರ ಕಡೆಯ ನಾಲ್ಕೈದು ಮಂದಿ. "ಇವರು ನಮ್ಮ ದೊಡ್ಡ ಅಳಿಯಾರ. ಹಾಡು ಬರೀತಾರ, ಹಾಡ್ತಾರ. ಇವರು ಹಾಡವರು. ಈಗ ಹಾಡಿದವರೂ ಇವರೇ ರೀ."

ನಾನು ಡ್ರಮ್ಮಿನೊಳಗೆ ಇಳಿದುಬಿಡಬೇಕು ಅನಿಸಿತು. ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮಾವ ಅವರಿಗೆ ಮಾತಾಡಲು ಬಿಡಲಿಲ್ಲ.

"ಆ ಟರ್ರ್ ಅಂದದ್ದು ಸ್ಪೀಕರ್ ಕೆಟ್ಟದ್ದಲ್ರಿ ಬೀಗರ. ಅದು ನಮ್ಮ ಅಂಗಡ್ಯಾಗಿನ ಮಶೀನ. ನನ್ನ ಕೈಯಿಂದು. ಕೂಸಿನ ಹೆಸರ ಹಾಕೂ ಮುಂದ ಒಂದು ಅಕ್ಷರ ಆದ ಕೂಡ್ಲೇ ನಿಲ್ಲಸ್ತಿದ್ನಿ. ಬರೋಬ್ಬರಿ ಹಂಗೇ ಇತ್ತು. ಇವರು ಎಲ್ಲಿ ನಿಂತು ಕೇಳಿದ್ರೋ ಏನೋ." ತಾಟು ಕೆಳಗಿಟ್ಟು, ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸತೊಡಗಿದರು. ಕನ್ನಡಕಕ್ಕೆ ಏನೂ ಆಗಿರಲಿಲ್ಲ.

ಅಷ್ಟು ಜನ ಕೂಡಿದ್ದ ಸಭಾಗೃಹದಲ್ಲಿ ನನ್ನ ಹಾಡನ್ನು ನಿಜವಾಗಿ ಕೇಳಿದವರು ಅವರೊಬ್ಬರೇ ಆಗಿದ್ದರು, ಅದೂ ಮೂರು ಟರ್ರ್ ಮಾತ್ರ. ನನಗೆ ಅಳು ಬಂತು. ಬಂದದ್ದನ್ನು ಅಡಗಿಸಲು ಡ್ರಮ್ಮಿನಲ್ಲಿದ್ದ ನೀರನ್ನು ಮುಖಕ್ಕೆ ಹೊಡೆದುಕೊಂಡೆ. ಕಾಕಾ ಪೇಟಾ ಸರಿಮಾಡಿಕೊಂಡರು, ಕೆಮ್ಮಿದರು. ಕೊನೆಗೆ, "ಇರಲಿ ಬಿಡ್ರಿ. ಒಂದು ಲೆಕ್ಕದಾಗ ಛಲೋನೇ ಆತು, ವ್ಯಾಳ್ಯಾಕ್ಕಿಂತ ಲಗೂ ಊಟ ಆತು. ಭಾಳ ವರ್ಷಾದ ಮ್ಯಾಲ ಬಿಸಿ ಜಿಲೇಬಿ ತಿಂದ್ನಿ ನೋಡ್ರಿ" ಎಂದು ವೀಳ್ಯ ತೆಗೆದುಕೊಂಡರು.

ಸುಜಾತಾ ಹೋಳಿಗೆ ಮಾಡಿದಳು. ಮಾಡುವಾಗ, "ಫೌಂಡ್ರಿ ಅಂತ ಹೇಳಿದವರಿಗೆ ಹೋಳಿಗಿ ಯಾಕ್ರಿ?" ಎಂದು ಒಲೆಯ ಮುಂದಿನಿಂದಲೇ ಕೇಳಿದಳು. ಅವಳಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ ತಿಳಿಯದು. ನಾನು ತಲೆಯೆತ್ತದೆ ತಿಂದೆ.

ಈಗ ಮಾವ ಎಲ್ಲರೆದುರೂ ನನ್ನನ್ನು 'ಹಾಡವರು' ಎಂದೇ ಹೇಳುತ್ತಾರೆ. ಅಂಗಡಿಗೆ ಬಂದವರು ಕೇಳುವ ಮುಂದಿನ ಪ್ರಶ್ನೆಯೂ ಅದೇ ಹಳೆಯದು: "ಎಂಥಾ ಹಾಡ್ರಿ?" ಮೊನ್ನೆ ಹೀಗೇ ಒಬ್ಬರು ಕೇಳಿದರು. ಮಾವ ಒಂದು ತಂಬಿಗೆಯ ಮೇಲೆ ಹೆಸರು ಹಾಕುತ್ತಿದ್ದರು. ನಾನು ಬಾಯಿ ತೆರೆದು ಭಜನೆ, ಲಾವಣಿ, ಜಾಜ್ ಎಂದು ಶುರುಮಾಡುವುದರೊಳಗೆ, ಮಶೀನಿನಿಂದ ಕಣ್ಣು ತೆಗೆಯದೆ ಅವರೇ ಹೇಳಿದರು.

"ಊಟ ಲಗೂ ಆಗೂವಂಥಾವು."

ಕೇಳಿದವರು ಭಕ್ತಿಯಿಂದ ನನ್ನ ಫೋನು ನಂಬರು ಬರೆದುಕೊಂಡರು. ಮುಂದಿನ ತಿಂಗಳು ಅವರ ಮಗನ ಮದುವೆಯಂತೆ. ನಾನು ಇಲ್ಲ ಎನ್ನಲಿಲ್ಲ. ಈಗ ರೈಲಿನಲ್ಲಿ ಎದುರಿಗೆ ಕುಳಿತವರು ಕೇಳಿದರೂ ಇದನ್ನೇ ಹೇಳುತ್ತೇನೆ. ಗುಂಜಿ ಬರುವುದಕ್ಕೆ ಬಹಳ ಮುಂಚೆಯೇ ಉತ್ತರ ಮುಗಿದಿರುತ್ತದೆ, ಚುರುಮುರಿ ಇನ್ನೂ ಅರ್ಧ ಉಳಿದಿರುತ್ತದೆ.